ಪೂರ್ವಕ್ಕೆ ಯೂದರ ಇಡುಗಾಡು

ಕೊಳ್ಳೇಗಾಲದ ರಿಜಿಸ್ಟರ್ ಆಫೀಸಿನ ಮುಂದೆ ಹುಣಸೆಮರದ ಕೆಳಗೆ ನಾಲ್ಕು ಜನ ಪತ್ರಬರಹಗಾರರು ಕೂರುತ್ತಿದ್ದರು. ನಾಲ್ವರಲ್ಲಿ ಹೆಂಗಸು ಸುವರ್ಣಮ್ಮ ಒಬ್ಬಳೇ. ಉಳಿದ ಮೂವರನ್ನು ಅವಳು ಬರಹಗಾರರೆಂದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪಕ್ಕದ ಮೇಜಿನ ಶಿವಶಂಕರ ಒತ್ತಕ್ಷರವಿದ್ದ ಕಡೆಯೆಲ್ಲ ಎಡವುತ್ತಿದ್ದ. ಅವನು ಬರೆದ ಕ್ರಯಪತ್ರ ಕೈಗೆ ಸಿಕ್ಕರೆ ಸುವರ್ಣಮ್ಮ ಎರಡು ಬೆರಳಲ್ಲಿ ತುದಿ ಹಿಡಿದು ಓದುತ್ತಿದ್ದಳು, ಮಗುವಿನ ಒದ್ದೆ ಚಡ್ಡಿ ಹಿಡಿದ ಹಾಗೆ. ಮಾರುವವರೆಂದರೆ ಅವಳಿಗೆ ತಾತ್ಸಾರ, ಬುದ್ಧಿಯಿದ್ದರೆ ಯಾರಾದರೂ ಭೂಮಿ ಮಾರುತ್ತಾರೆಯೇ ಎಂದು. ಕೊಳ್ಳುವವರೆಂದರೂ ತಾತ್ಸಾರ, ಇಷ್ಟು ಅವಸರದಲ್ಲಿ ಕೊಳ್ಳುವವನು ಏನೋ ಮುಚ್ಚಿಟ್ಟಿರುತ್ತಾನೆ ಎಂದು. ಮದುವೆಯಾಗಿ ಯಳಂದೂರಿಗೆ ಹೋದವಳು ಗಂಡನ ಮನೆಯವರ ದಡ್ಡತನವನ್ನು ಎರಡು ವರ್ಷ ಸಹಿಸಿ, ಮೂರನೆಯ ವರ್ಷ ಬಸ್ಸು ಹತ್ತಿ ತವರಿಗೆ ಬಂದಿದ್ದಳು. ಯಾರಾದರೂ ಕಾರಣ ಕೇಳಿದರೆ, "ಅವರಿಗೆ ಗಡಿಯಾರ ನೋಡೋಕೆ ಬರ್ತಿರ್ಲಿಲ್ಲ" ಎನ್ನುತ್ತಿದ್ದಳು.

ಅವಳ ಅಪ್ಪ ಗುರುಸಿದ್ದಯ್ಯ, ಅಪ್ಪನ ಅಪ್ಪ, ಇಬ್ಬರೂ ಪತ್ರಬರಹಗಾರರೇ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಪತ್ರಗಳೆಲ್ಲ ತಮಿಳಿನಲ್ಲಿ ಆಗುತ್ತಿದ್ದವು. ಆ ಹಳೆಯ ಪತ್ರಗಳನ್ನು ಮುಂದೆ ಹಾಕಿಕೊಂಡೇ ಗುರುಸಿದ್ದಯ್ಯ ಮಗಳಿಗೆ ತಮಿಳು ಕಲಿಸಿದ್ದ. ಅವನ ಕೈ ನಡುಗಲು ಶುರುವಾದ ಮೇಲೆ ಅವಳೇ ಪರೀಕ್ಷೆ ಕಟ್ಟಿ ಲೈಸೆನ್ಸು ತೆಗೆದುಕೊಂಡಳು. ಊರಿನಲ್ಲಿ ಹಳೆಯ ತಮಿಳು ಪತ್ರ ಓದಬಲ್ಲವರು ಆ ಮನೆಯ ಅಪ್ಪ ಮಗಳು ಇಬ್ಬರೇ ಉಳಿದಿದ್ದರು. ಆ ಹೆಮ್ಮೆ ಸುವರ್ಣಮ್ಮನ ನಡಿಗೆಯಲ್ಲೇ ಕಾಣುತ್ತಿತ್ತು.

ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ ಒಂದು ದಿನ ಗುರುಮಲ್ಲಪ್ಪ ಅವಳ ಮೇಜಿನ ಮುಂದೆ ಬಂದು ಕೂತ. ರೇಷ್ಮೆಗೂಡಿನ ದಲ್ಲಾಳಿಯಾಗಿದ್ದವನು ಕಂಟ್ರಾಕ್ಟರನಾಗಿ, ಆಮೇಲೆ ಪುರಸಭೆಯ ಮೆಂಬರೂ ಆಗಿದ್ದ. ಅವನ ಹಿಂದೆ ನೇಯ್ಗೆಯ ಸ್ವಾಮಿ ತಲೆ ತಗ್ಗಿಸಿ ನಿಂತಿದ್ದ. ಕೆರೆ ಏರಿಯ ಕೆಳಗಿದ್ದ ತನ್ನ ಜಾಗವನ್ನು ಸ್ವಾಮಿ ಗುರುಮಲ್ಲಪ್ಪನಿಗೆ ಮಾರುತ್ತಿದ್ದ. ಸುವರ್ಣಮ್ಮ ಮೂಲಪತ್ರ ಬಿಡಿಸಿ, ಚಕ್ಕುಬಂದಿ ನೋಡಿದಳು. ಚಕ್ಕುಬಂದಿಯೆಂದರೆ ಸ್ವತ್ತಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಹೇಳುವ ಸಾಲು. ಪತ್ರದ ಜೀವ ಇರುವುದೇ ಅದರಲ್ಲಿ. ತಮಿಳಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪೂರ್ವಕ್ಕೆ ಯೂದರ ಇಡುಗಾಡು. ಯಹೂದಿಗಳನ್ನು ಹೂಳುವ ಜಾಗ.

ಆ ಜಾಗ ಅವಳಿಗೆ ಗೊತ್ತಿತ್ತು. ಊರವರು ಅದನ್ನು ಟೋಪಿಯವರ ಗೋರಿ ಎನ್ನುತ್ತಿದ್ದರು. ಹನ್ನೆರಡು ಸೆಂಟು ನೆಲ, ಜಾಲಿಮುಳ್ಳಿನ ನಡುವೆ ಆರು ಕಲ್ಲು, ಕಲ್ಲಿನ ಮೇಲೆ ಯಾರಿಗೂ ತಿಳಿಯದ ಚೌಕ ಚೌಕ ಅಕ್ಷರ.

"ಪೂರ್ವಕ್ಕೆ ಖಾಲಿ ಜಾಗ ಅಂತ ಬರೀರಿ ಸುವರ್ಣಮ್ಮೋರೆ" ಎಂದ ಗುರುಮಲ್ಲಪ್ಪ.

"ಮೂಲಪತ್ರದಲ್ಲಿ ಇಡುಗಾಡು ಅಂತಿದೆ."

"ಯಾರ್ದು?"

"ಯೂದರದು."

"ಯಾವ ಯೂದ್ರು? ನೀವ್ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಲೇ ಸ್ವಾಮಿ, ನೀ ಕಂಡಿದ್ದೀಯೇನ್ಲಾ?"

ಸ್ವಾಮಿ ಇಲ್ಲವೆಂದು ತಲೆಯಾಡಿಸಿದ.

"ನೋಡಿ ಮತ್ತೆ. ಇಲ್ದೋರ್ ಎಸ್ರ ಬರ್ದು ಪೇಪರ್ ಯಾಕ್ ಆಳ್ ಮಾಡ್ತೀರಿ?"

ಸುವರ್ಣಮ್ಮ ಅವನ ಮುಖ ನೋಡಿದಳು. ಎಲೆಅಡಿಕೆಯಿಂದ ಕೆಂಪಾದ ಆ ಬಾಯಿಗೆ ಉತ್ತರ ಕೊಡುವುದೇ ತನ್ನ ಮರ್ಯಾದೆಗೆ ಕಡಿಮೆ ಅನ್ನಿಸಿತು. ಇವನಿಗೆ ಕೊಯಮತ್ತೂರು ಜಿಲ್ಲೆ ಗೊತ್ತೇ, ಯೂದರು ಗೊತ್ತೇ, ಚಕ್ಕುಬಂದಿ ಎಂದರೆ ಗೊತ್ತೇ? ಗೊತ್ತಿಲ್ಲದವನ ಜೊತೆ ವಾದಕ್ಕೆ ನಿಲ್ಲುವುದಕ್ಕಿಂತ ಬರೆದು ಎಸೆಯುವುದು ಮೇಲು. ಅವನು ಅವಳಿಗೆ ಹೆಚ್ಚಿಗೆ ಏನೂ ಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಬರೀ ಅಸಡ್ಡೆಯಿಂದ, ಪೆನ್ನು ಕೊಡವಿ, ಪೂರ್ವಕ್ಕೆ ಖಾಲಿ ಜಾಗ ಎಂದು ಬರೆದಳು. ಅಕ್ಷರ ಮಾತ್ರ ಎಂದಿನಂತೆ ಮುತ್ತಿನ ಹಾಗಿತ್ತು.

ಮಗಳು ಬರೆದ ಪತ್ರಗಳ ಕರಡನ್ನು ದಿನವೂ ಸಂಜೆ ಓದುವುದು ಗುರುಸಿದ್ದಯ್ಯನ ಅಭ್ಯಾಸ. ಎಂಬತ್ತೆರಡು ವರ್ಷವಾಗಿದ್ದರೂ ಭೂತಗನ್ನಡಿ ಹಿಡಿದು ಒಂದು ಕೊಂಬು ಬಿಡದೆ ನೋಡುತ್ತಿದ್ದ. ಆ ದಿನ ಚಕ್ಕುಬಂದಿಗೆ ಬಂದವನು ಅಲ್ಲೇ ನಿಂತುಬಿಟ್ಟ.

"ಸುವರ್ಣ, ಇದೇನಿದು?"

"ಅವನಿಗೆ ಹಾಗೇ ಬೇಕಂತೆ."

"ಅವನಿಗೆ ಬೇಕು. ನಿನಗೆ ಏನ್ ಬಂದಿತ್ತು?"

"ಯಾರು ಕೇಳ್ತಾರಪ್ಪ ಅವರನ್ನ? ಎಲ್ಲಿಂದಲೋ ಬಂದರು, ಸತ್ತರು. ಎಪ್ಪತ್ತು ವರ್ಷದಿಂದ ಒಬ್ಬ ಬಂದು ಒಂದು ಮುಳ್ಳು ಕಿತ್ತಿಲ್ಲ."

ಗುರುಸಿದ್ದಯ್ಯ ಭೂತಗನ್ನಡಿ ಕೆಳಗಿಟ್ಟ. ಅವನು ಕೋಪ ಮಾಡಿಕೊಳ್ಳುವ ಜಾತಿಯಲ್ಲ. ನಿಧಾನವಾಗಿ, ಪತ್ರ ಓದಿ ಹೇಳುವ ಧಾಟಿಯಲ್ಲೇ ಹೇಳಿದ.

ಅವನು ಇನ್ನೂ ಸಣ್ಣ ಹುಡುಗನಾಗಿದ್ದಾಗ, ಮದರಾಸಿನಿಂದ ಹಸ್ಕೆಲ್ ಎಂಬ ಯಹೂದಿ ವ್ಯಾಪಾರಿ ರೇಷ್ಮೆನೂಲು ಕೊಳ್ಳಲು ಬಂದು ನೇಯ್ಗೆಯವರ ಬೀದಿಯಲ್ಲೇ ಮನೆ ಹಿಡಿದಿದ್ದ. ಊರವರ ಬಾಯಲ್ಲಿ ಅವನು ಅಸ್ಕಲ್ ಸಾವ್ಕಾರ. ಹೆಂಡತಿ, ಮೂರು ಹೆಣ್ಣುಮಕ್ಕಳು, ಮುದಿ ತಾಯಿ. ಅವನ ಕೈಯಿಂದ ನೂಲಿನ ಮುಂಗಡ ಪಡೆಯದ ಮನೆ ಆ ಬೀದಿಯಲ್ಲಿ ಇರಲಿಲ್ಲ. ದೀಪಾವಳಿಗೆ ಅವನ ಮನೆಗೆ ಕಜ್ಜಾಯ ಕಳಿಸದ ಮನೆಯೂ ಇರಲಿಲ್ಲ. ಹದಿನೆಂಟನೇ ಇಸವಿಯ ವಿಷಜ್ವರ ಬಂತು. ಮೊದಲು ಹೋದವಳು ಅವನ ತಾಯಿ. ಹೂಳಲು ಜಾಗ ಕೇಳಿದರೆ, ಈ ಸ್ಮಶಾನದವರು ಆ ಸ್ಮಶಾನದ ಕಡೆ ಕೈ ತೋರಿದರು, ಆ ಸ್ಮಶಾನದವರು ಈ ಕಡೆ. ಕಜ್ಜಾಯ ಕಳಿಸಿದ ಮನೆಗಳೆಲ್ಲ ಕದ ಹಾಕಿಕೊಂಡವು. ಹೆಣ ಎರಡು ದಿನ ಮನೆಯಲ್ಲೇ ಇತ್ತು. ಕಡೆಗೆ ಕೆರೆ ಏರಿಯ ಕೆಳಗೆ ಹನ್ನೆರಡು ಸೆಂಟು ಕೊಂಡು, ಅಸ್ಕಲ್ ಸಾವ್ಕಾರ ತಾನೇ ಗುಂಡಿ ತೋಡಿದ. ಜೊತೆಗೆ ಗುದ್ದಲಿ ಹಿಡಿದವನು ಊರ ತೋಟಿ ಚಿಕ್ಕಸಿದ್ದಯ್ಯ ಒಬ್ಬನೇ. ಹದಿಮೂರು ದಿನದಲ್ಲಿ ತಾಯಿ, ಹೆಂಡತಿ, ಮೂರೂ ಮಕ್ಕಳು ಹೋದರು.

"ಆ ಜಾಗದ ಪತ್ರ ಬರೆಸೋಕೆ ಸಾವ್ಕಾರ ನಮ್ಮ ಜಗಲಿಗೆ ಬಂದ" ಎಂದ ಗುರುಸಿದ್ದಯ್ಯ. "ನಮ್ಮಪ್ಪ ಜಗಲಿ ಹತ್ತಿಸಲಿಲ್ಲ. ಬೀದೀಲೇ ನಿಲ್ಲಿಸಿ, ಹೊಸ್ತಿಲ ಒಳಗೆ ಕೂತು ಕೇಳಿ ಬರೆದ. ರುಜು ಹಾಕೋಕೆ ನಾಳೆ ಬಾ ಅಂದ. ನಾಳೆ ಅವನಿಗೇ ಜ್ವರ. ಅವನನ್ನ ಚಿಕ್ಕಸಿದ್ದಯ್ಯ ಎಳಕೊಂಡು ಹೋಗಿ ಹೂಳಿದ. ಮಾರನೇ ವರ್ಷ ಅವನ ತಮ್ಮ ಬಂದು ಆರು ಕಲ್ಲು ನೆಡಿಸಿ ಹೋದ. ಆ ಜಾಗಕ್ಕೆ ಪತ್ರ ಅನ್ನೋದೇ ಇಲ್ಲ ಕೂಸೇ. ಪೂರ್ವಕ್ಕೆ ಕೆರೆ ಏರಿ, ದಕ್ಷಿಣಕ್ಕೆ ಓಣಿ. ಪಶ್ಚಿಮಕ್ಕೆ ಈ ಸ್ವಾಮಿ, ಉತ್ತರಕ್ಕೆ ಕೆಂಪಾಜಮ್ಮನ ಮನೆ. ಈ ಇಬ್ಬರ ಪತ್ರದ ಚಕ್ಕುಬಂದೀಲಿ ಹೆಸರಿದೆ ನೋಡು, ಅಷ್ಟೇ ಅವರಿಗಿದ್ದ ಆಧಾರ. ನೀನು ಒಂದನ್ನ ಅಳಿಸಿದೆ."

"ಅಪ್ಪ, ನಿನ್ನ ಅಪ್ಪ ಮಾಡಿದ್ದಕ್ಕೆ ನನ್ನ ಮೇಲೆ ಸಿಟ್ಟು ತೀರಿಸ್ಕೋಬೇಡ" ಎಂದು ಸುವರ್ಣಮ್ಮ ಎದ್ದು ಒಳಗೆ ಹೋದಳು.

ಮರುದಿನದಿಂದ ಗುರುಸಿದ್ದಯ್ಯ ಅವಳ ಕರಡು ಓದುವುದನ್ನು ನಿಲ್ಲಿಸಿದ. ಅವಳು ಕಾಗದಗಳನ್ನು ತಂದು ಪಕ್ಕದಲ್ಲಿಟ್ಟರೆ ಮುಟ್ಟದೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವಳು ಅವನನ್ನೂ ಮನಸ್ಸಿನಲ್ಲೇ ಹಂಗಿಸಿದಳು: ಮುದುಕನಿಗೆ ಅರಳುಮರಳು, ಬದುಕಿದವರಿಗಿಂತ ಗೋರಿಯವರ ಚಿಂತೆ ಹೆಚ್ಚು. ಮುಂದಿನ ಚಳಿಗಾಲದಲ್ಲಿ ಅವನು ತೀರಿಕೊಂಡ. ಅವಳ ಅಕ್ಷರವನ್ನು ಕೊನೆಯವರೆಗೂ ನೋಡಲಿಲ್ಲ.

ಗುರುಮಲ್ಲಪ್ಪ ಕೊಂಡ ಜಾಗದಲ್ಲಿ ಮನೆ ಎದ್ದಿತು. ಮನೆಯ ಕಾಂಪೌಂಡು ಮೊದಲು ಸ್ವಾಮಿಯ ಗಡಿಯಲ್ಲಿತ್ತು. ಎರಡು ವರ್ಷಕ್ಕೆ ದನದ ಕೊಟ್ಟಿಗೆಯ ನೆಪದಲ್ಲಿ ಗೋರಿಯ ಕಡೆ ಹತ್ತಡಿ ಸರಿಯಿತು. ಆಮೇಲೆ ಲಾರಿ ನಿಲ್ಲಿಸಲೆಂದು ಮತ್ತೆ ಹದಿನೈದಡಿ. ಖಾಲಿ ಜಾಗವೆಂದು ಪತ್ರದಲ್ಲೇ ಇರುವಾಗ ಕೇಳುವವರು ಯಾರು? ಊರು ಎಲ್ಲವನ್ನೂ ನೋಡುತ್ತಿತ್ತು, ನೋಡಿ ಮೂಗು ಒರೆಸಿಕೊಳ್ಳುತ್ತಿತ್ತು. ತೊಂಬತ್ತನಾಲ್ಕರಲ್ಲಿ ಮಂಟೇಸ್ವಾಮಿ ಮೇಷ್ಟ್ರು ಎಂಬ ನಿವೃತ್ತ ಹೆಡ್‌ಮಾಸ್ಟರು, ಉಳಿದಿದ್ದ ಕಲ್ಲೊಂದರ ಫೋಟೋ ಹಿಡಿದು ಅದು ಗಂಗರ ಕಾಲದ ಶಾಸನವೆಂದು ಸಾರಿದರು. ಶಾಲು ಹೊದಿಸಿ ಸನ್ಮಾನವೂ ಆಯಿತು. ಸನ್ಮಾನದ ಖರ್ಚು ಗುರುಮಲ್ಲಪ್ಪನದೇ. ಸುವರ್ಣಮ್ಮ ಆ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಬಾಯಿಗೆ ಸೆರಗಿಟ್ಟು ನಕ್ಕಳು. ಮನೆಗೆ ಬಂದೂ ನಕ್ಕಳು. ಎದ್ದು ನಿಂತು, ಅದು ಗಂಗರದಲ್ಲ, ಹಸ್ಕೆಲನ ಮನೆಯವರದು ಎಂದು ಒಂದು ಮಾತು ಹೇಳಬಹುದಿತ್ತು. ಇಂಥ ಜನಕ್ಕೆ ಹೇಳಿ ಏನು ಎಂದು ಸುಮ್ಮನಾದಳು.

ಅದಾಗಿ ಮೂರು ವರ್ಷಕ್ಕೆ ಗುರುಮಲ್ಲಪ್ಪನ ಮಗಳು ಯಶೋದಳ ಮದುವೆ. ಊಟವಾದ ಮೇಲೆ ಸುವರ್ಣಮ್ಮ ಕೈತೊಳೆಯಲು ಹಿತ್ತಿಲಿಗೆ ಹೋದಳು. ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲಿತ್ತು. ಸಣ್ಣ ಕಲ್ಲು, ಒಂದು ಮೂಲೆ ಮಣ್ಣಿನಿಂದ ಮೇಲೆದ್ದಿತ್ತು. ಆ ಮೂಲೆಯ ಅಡಿಭಾಗದಲ್ಲಿ ಎರಡು ಚೌಕ ಅಕ್ಷರ ಕಂಡವು. ಅವಳು ಕೈತೊಳೆದು, ಸೆರಗಿಗೆ ಒರೆಸಿಕೊಂಡು, ತಾಂಬೂಲ ತೆಗೆದುಕೊಂಡು ಮನೆಗೆ ಬಂದಳು.

ಎರಡು ಸಾವಿರದ ಎರಡನೇ ಇಸವಿಯ ಜನವರಿಯಲ್ಲಿ, ಬೆಂಗಳೂರಿನ ಟ್ಯಾಕ್ಸಿಯೊಂದು ಹುಣಸೆಮರದ ನೆರಳಿಗೆ ಬಂದು ನಿಂತಿತು. ಇಳಿದವಳು ಎಪ್ಪತ್ತು ದಾಟಿದ ಹೆಂಗಸು. ಕತ್ತರಿಸಿದ ಬಿಳಿಕೂದಲು, ಕಪ್ಪು ಕನ್ನಡಕ, ಮೊಣಕಾಲು ಮುಚ್ಚುವ ಫ್ರಾಕು. ಆಫೀಸಿನೊಳಗೆ ಹೋಗಿ ಯಾವುದೋ ಪತ್ರ ಹುಡುಕಿಸಿ, ಸಿಗದೆ ಹೊರಗೆ ಬಂದಳು. ಶಿವಶಂಕರ ನಗುತ್ತಾ ಸುವರ್ಣಮ್ಮನ ಮೇಜಿನ ಕಡೆ ಕೈ ತೋರಿದ.

"ಹಳೇ ಕಾಗ್ದ ಎಲ್ಲ ಅವ್ರ ತಲೇಲದೆ, ಓಗಿ ಕೇಳಿ."

ಬಂದವಳ ಹೆಸರು ಮೊಜೆಲ್. ಬೆಂಗಳೂರಿನ ದಂಡು ಪ್ರದೇಶದಲ್ಲೇ ಹುಟ್ಟಿ ಬೆಳೆದವಳು; ದಂಡಿನವರ ಮುರುಕು ತಮಿಳು ಚೆನ್ನಾಗಿ ಬರುತ್ತಿತ್ತು. ಕೆರೆಯ ಹತ್ತಿರ ತನ್ನ ಹಿರಿಯರ ಆರು ಗೋರಿಗಳಿವೆಯಂತೆ, ನೋಡಬೇಕು ಎಂದಳು. ಅವಳ ಅಜ್ಜ ಎಜ್ರ, ಹಸ್ಕೆಲನ ತಮ್ಮ, ಕಲ್ಲು ನೆಡಿಸಿದವನು.

ಸುವರ್ಣಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಂಬತ್ತು ವರ್ಷ ಎಲ್ಲಿದ್ದಿರಿ?" ಎಂದು ತಮಿಳಿನಲ್ಲೇ ಕೇಳಿದಳು.

ಮೊಜೆಲ್ ನೊಂದುಕೊಳ್ಳಲಿಲ್ಲ. "ತಪ್ಪಾಯಿತು" ಎಂದಳು. "ಬರಬೇಕೆಂದು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಕೊಳ್ಳೇಗಾಲದ ಹೆಸರು ಬಂದರೆ ಎದ್ದು ನಿಂತು ಮಾತಾಡುತ್ತಿದ್ದರು. ಬೀದಿಯವರೆಲ್ಲ ಸೇರಿ ಆರು ಜನರನ್ನೂ ಹೆಗಲ ಮೇಲೆ ಹೊತ್ತರಂತೆ. ಊರೇ ಅತ್ತಿತಂತೆ. ಇಂಥ ಜನ ಎಲ್ಲೂ ಇಲ್ಲ ಎನ್ನುತ್ತಿದ್ದರು."

ಸುವರ್ಣಮ್ಮನಿಗೆ ಮೊದಲು ಬಂದದ್ದು ನಗು. ಈ ಮುದುಕಿಯೂ ಮಂಟೇಸ್ವಾಮಿ ಮೇಷ್ಟ್ರ ಜಾತಿಯೇ, ಹೇಳಿದ್ದನ್ನೆಲ್ಲ ನಂಬುವವಳು. ಅಷ್ಟರಲ್ಲಿ ಮೊಜೆಲ್ ಕೈಚೀಲದಿಂದ ಒಂದು ಡಬ್ಬಿ ಬಿಸ್ಕತ್ತು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ಊರಿಗೆ ಕೊಡುವಂತೆ. ತಾನು ಗಳಿಸದ ಒಂದು ಮೆಚ್ಚುಗೆಯ ಮಾತನ್ನೂ ಮೈಮೇಲೆ ಹಾಕಿಕೊಂಡವಳಲ್ಲ ಸುವರ್ಣಮ್ಮ. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಬನ್ನಿ" ಎಂದು ಎದ್ದಳು.

ಕೆರೆ ಏರಿಯ ಕೆಳಗೆ ಗುರುಮಲ್ಲಪ್ಪನ ಕಾಂಪೌಂಡು ಬಿಟ್ಟು ಉಳಿದಿದ್ದ ಪಟ್ಟಿಯಲ್ಲಿ ಎಮ್ಮೆ ಕಟ್ಟಿದ್ದರು. ಜಾಲಿಯ ನಡುವೆ ಮೂರು ಕಲ್ಲು. ಮೊಜೆಲ್ ಮುಳ್ಳು ಲೆಕ್ಕಿಸದೆ ಒಳಗೆ ಹೋಗಿ, ಬೆರಳಿನಿಂದ ಮಣ್ಣು ಕೆರೆದು ಒಂದೊಂದೇ ಹೆಸರು ಓದಿದಳು. ಹಸ್ಕೆಲ್. ಅವನ ತಾಯಿ ಸಲೀಮಾ. ದೊಡ್ಡ ಮಗಳು ರೆಬೆಕ್ಕ.

"ಇನ್ನು ಮೂರು ಎಲ್ಲಿ? ಚಿಕ್ಕವಳು ಫ್ಲೋರಾ. ಆರು ವರ್ಷದವಳು. ಅವಳದು ಸಣ್ಣ ಕಲ್ಲು ಎಂದು ಅಜ್ಜ ಹೇಳುತ್ತಿದ್ದರು."

ಸುವರ್ಣಮ್ಮನ ಕಣ್ಣಿಗೆ ಯಶೋದಳ ಮದುವೆಯ ದಿನದ ಹಿತ್ತಿಲು ಬಂತು. ಸಾಬೂನಿನ ನೊರೆ, ಸೀರೆ ಬಡಿಯುವ ಸದ್ದು. ಅವಳು ಎಮ್ಮೆಯ ಗೂಟದ ಪಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಹೆಗಲು ಕೊಟ್ಟವರು ಯಾರೂ ಇರಲಿಲ್ಲ, ಚಿಕ್ಕಸಿದ್ದಯ್ಯ ಒಬ್ಬನನ್ನು ಬಿಟ್ಟು. ಬೀದಿಯೆಲ್ಲ ಕದ ಹಾಕಿತ್ತು. ನನ್ನ ಅಜ್ಜ ನಿಮ್ಮ ದೊಡ್ಡಜ್ಜನನ್ನು ಜಗಲಿ ಹತ್ತಿಸಲಿಲ್ಲ. ಹದಿನಾರು ವರ್ಷದ ಹಿಂದೆ ಇದು ಖಾಲಿ ಜಾಗವೆಂದು ಬರೆದುಕೊಟ್ಟವಳು ನಾನು. ಆ ಸಣ್ಣ ಕಲ್ಲು ಎಲ್ಲಿದೆಯೆಂದು ಐದು ವರ್ಷದಿಂದ ನನಗೆ ಗೊತ್ತು.

ಮೊಜೆಲ್ ಕನ್ನಡಕ ತೆಗೆದಳು. ಆಮೇಲೆ, "ಕಲ್ಲು ನೆಡಿಸಲು ಅಜ್ಜನೇ ಬಂದಿದ್ದರಲ್ಲ. ಅವರಿಗೆ ಇದೆಲ್ಲ ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ" ಎಂದಳು. "ಗೊತ್ತಿದ್ದೂ ನಮಗೆ ಹಾಗೆ ಹೇಳಿದರು."

ಯಾಕೆ ಎಂದು ಸುವರ್ಣಮ್ಮ ಕೇಳಲಿಲ್ಲ. ಅರವತ್ತರ ಹತ್ತಿರ ಬಂದ ಜೀವನದಲ್ಲಿ ಮೊದಲ ಸಲ, ಒಬ್ಬ ಮನುಷ್ಯನನ್ನು ಹಂಗಿಸಲು ಅವಳಿಗೆ ಮಾತು ಸಿಗಲಿಲ್ಲ. ಒಂದು ಊರಿನ ಮಾನವನ್ನು ಆ ಊರಿನವರೇ ಕಾಯದಿದ್ದಾಗ, ಆ ಊರಿಂದ ಉಗುಳಿಸಿಕೊಂಡವನ ತಮ್ಮ ತನ್ನ ಮೊಮ್ಮಕ್ಕಳ ಮುಂದೆ ಕಾಯ್ದಿದ್ದ. ಆ ಊರಿನ ಪತ್ರಬರಹಗಾರ್ತಿ ತಾನು.

ಅಲ್ಲಿಂದ ಅವಳು ನೇರ ಗುರುಮಲ್ಲಪ್ಪನ ಮನೆಗೆ ಹೋದಳು. ಮೊಜೆಲ್ ಬಾಗಿಲ ಹೊರಗೆ ನಿಂತಳು. ಗುರುಮಲ್ಲಪ್ಪನಿಗೆ ವಯಸ್ಸಾಗಿತ್ತು, ಸೋಫಾದಲ್ಲಿ ಕಾಲು ಚಾಚಿ ಟೀವಿ ನೋಡುತ್ತಿದ್ದ.

"ನಿಮ್ಮ ಹಿತ್ತಲಲ್ಲಿರೋ ಒಗೆಯೋ ಕಲ್ಲು ಈ ಅಮ್ಮನ ಮನೆ ಮಗೂದು. ಕೊಡಿ" ಎಂದಳು ಸುವರ್ಣಮ್ಮ.

"ಏನ್ ಕಲ್ಲು?"

"ಗೋರಿ ಕಲ್ಲು. ಮಿಕ್ಕ ಎರಡು ಎಲ್ಲಿ?"

"ಪಾಯಕ್ಕಾಕಿರ್ಬೇಕು, ಯಾರ್ಗ್ ಗೊತ್ತು." ಗುರುಮಲ್ಲಪ್ಪ ನಕ್ಕ. "ಏನ್ ಸುವರ್ಣಮ್ಮೋರೆ, ಖಾಲಿ ಜಾಗ್ದಾಗೆ ಗೋರಿ ಎಲ್ಲಿಂದ ಬತ್ತದೆ? ಪತ್ರ ತರ್ಸ್ಲಾ? ನಿಮ್ದೇ ಅಕ್ಸರ ಅಲ್ವಾ?"

"ನಂದೇ."

"ಮತ್ತೆ?"

"ಅದು ಸುಳ್ಳು ಅಂತ ಕೋರ್ಟಲ್ಲಿ ಹೇಳ್ತೀನಿ."

"ಏಳಿ. ಲೈಸೆನ್ಸು ಓಯ್ತದೆ. ಈ ವಯ್ಸಲ್ಲಿ ಏನ್ ತಿಂದೀರಿ? ಯಾರೋ ಫ್ರಾಕ್ ಆಕಂಡ್ ಬಂದೋಳ್ಗೋಸ್ಕರ ಊರೋರ್ನ ಬುಟ್ಕೊಡ್ತೀರಾ?"

"ಊರೋರು" ಎಂದಳು ಸುವರ್ಣಮ್ಮ. ಆ ಪದವನ್ನು ಬಾಯಿಂದ ತೆಗೆದು ಅವನ ಮುಂದಿದ್ದ ಟೀಪಾಯಿಯ ಮೇಲಿಟ್ಟ ಹಾಗಿತ್ತು. ಹೊರಗೆ ಬಂದಳು.

ಮೊಜೆಲ್ ವಕೀಲರನ್ನಿಟ್ಟು ದಾವೆ ಹೂಡಿದಳು. ಆಧಾರಕ್ಕೆ ಉಳಿದಿದ್ದು ಉತ್ತರ ದಿಕ್ಕಿನ ಕೆಂಪಾಜಮ್ಮನ ಪತ್ರ ಒಂದೇ. ಸುವರ್ಣಮ್ಮ ಕೇಳಲು ಹೋದಾಗ ತೊಂಬತ್ತರ ಆ ಮುದುಕಿ ಟ್ರಂಕಿನ ತಳದಿಂದ ಹಳೇ ಸೀರೆಯ ತುಂಡಿನ ಗಂಟು ತೆಗೆದು ಬಿಚ್ಚಿದಳು.

"ಇದ್ರಾಗೆ ಏನ್ ಬರ್ದವ್ರೋ ನಂಗ್ ಗೊತ್ತಿಲ್ಲ ಕಣವ್ವ. ನಮ್ಮತ್ತೆ ಕೊಟ್ಟು, ಜ್ವಾಪಾನ ಮಡಿಕೋ ಅಂದಿದ್ರು. ಆ ಗುರುಮಲ್ಲಪ್ಪ ಎಲ್ಡ್ ಸಲ ಬಂದು ಕೇಳ್ದ. ಓದಕ್ ಬರ್ದೋರ್ಗೆ ಇದ್ಯಾಕೆ, ಕೊಡು ಅಂದ. ನಾ ಕೊಡ್ನಿಲ್ಲ."

"ಯಾಕೆ ಕೊಡಲಿಲ್ಲ?"

"ಅವ್ನು ಕೇಳ್ದ ರೀತಿ ಸರ್ಯಾಗಿರ್ನಿಲ್ಲ."

ಸುವರ್ಣಮ್ಮ ಆ ಪತ್ರವನ್ನು ಅಲ್ಲೇ ಓದಿದಳು. ದಕ್ಷಿಣಕ್ಕೆ ಯೂದರ ಇಡುಗಾಡು, ಹನ್ನೆರಡು ಸೆಂಟು. ಅಕ್ಷರ ಅವಳ ಅಜ್ಜನದು. ಬದುಕಿದ್ದವನನ್ನು ಬೀದಿಯಲ್ಲಿ ನಿಲ್ಲಿಸಿದವನು, ಸತ್ತ ಮೇಲೆ ಅವನ ಜಾಗದ ಹೆಸರನ್ನು ಪಕ್ಕದವರ ಪತ್ರದಲ್ಲಿ ಒಂದು ತಪ್ಪಿಲ್ಲದೆ ಬರೆದಿದ್ದ. ಅಷ್ಟಾದರೂ ಮಾಡಿದ್ದ.

ಸಾಕ್ಷಿ ಹೇಳುವ ದಿನ ಕೋರ್ಟಿನ ಕೋಣೆ ತುಂಬಿತ್ತು. ಹುಣಸೆಮರದವರೆಲ್ಲ ಬಂದಿದ್ದರು. ಗುರುಮಲ್ಲಪ್ಪನ ವಕೀಲ ಪತ್ರ ತೋರಿಸಿ ಕೇಳಿದ.

"ಇದು ನೀವು ಬರೆದದ್ದಾ?"

"ಹೌದು."

"ಖಾಲಿ ಜಾಗ ಅನ್ನೋದು ಸುಳ್ಳು ಅಂತ ಗೊತ್ತಿದ್ದೂ ಬರೆದಿರಾ?"

"ಗೊತ್ತಿದ್ದೂ ಬರೆದೆ."

"ಯಾರಾದರೂ ಬೆದರಿಸಿದರಾ? ಆಸೆ ತೋರಿಸಿದರಾ?"

"ಇಲ್ಲ. ಸತ್ತೋರನ್ನ ಯಾರೂ ಕೇಳಲ್ಲ ಅಂದ್ಕೊಂಡೆ. ಕೇಳೋರ ಯೋಗ್ಯತೆ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇರಲಿಲ್ಲ."

ಜನರ ನಡುವೆ ಯಾರೋ ಕಿಸಕ್ಕೆಂದರು. ವಕೀಲ ಮುಗುಳ್ನಕ್ಕ.

"ಅಂದ್ರೆ ನೀವು ಸುಳ್ಳು ಪತ್ರ ಬರೆಯೋರು ಅಂತ ನೀವೇ ಒಪ್ಕೊಂಡ ಹಾಗಾಯ್ತು. ಈಗ ಹೇಳೋದು ನಿಜ ಅಂತ ನಂಬೋದು ಹೇಗೆ?"

"ನನ್ನನ್ನ ನಂಬಬೇಡಿ. ಕೆಂಪಾಜಮ್ಮನ ಪತ್ರ ಓದಿ. ತಮಿಳು ಬರದಿದ್ರೆ ಬರೋರನ್ನ ಕರೆಸಿ."

ಕರೆಸಿದರು. ಪತ್ರ ಓದಿಸಿದರು. ಅಷ್ಟರಲ್ಲಿ ಪುರಸಭೆಯ ಚುನಾವಣೆ ಹತ್ತಿರ ಬಂದು, ಹಿತ್ತಲಿನ ಕಲ್ಲಿನ ಸುದ್ದಿ ಬೀದಿ ಬೀದಿಗೆ ಹಬ್ಬಿತ್ತು. ಮಕ್ಕಳ ಗೋರಿ ಮೇಲೆ ಬಟ್ಟೆ ಒಗೆದ ಮನೆ ಎಂದು ಹೆಂಗಸರು ಮಾತಾಡಿಕೊಳ್ಳತೊಡಗಿದರು. ಹದಿನಾರು ವರ್ಷ ಅದೇ ಮನೆಯಲ್ಲಿ ಮದುವೆ, ನಾಮಕರಣದ ಊಟ ಉಂಡವರೇ ಮೂಗಿನ ಮೇಲೆ ಬೆರಳಿಟ್ಟರು. ಅವರ ಈ ಮರುಕಕ್ಕೂ ಸುವರ್ಣಮ್ಮನ ತಾತ್ಸಾರವೇ. ಗುರುಮಲ್ಲಪ್ಪ ರಾಜಿಗೆ ಬಂದ. ಹನ್ನೆರಡು ಸೆಂಟಿನಲ್ಲಿ ಏಳು ಬಿಟ್ಟುಕೊಟ್ಟ. ಕೊಟ್ಟಿಗೆಯ ಅಡಿಗೆ ಹೋಗಿದ್ದ ಐದು ಹೋಗಿಯೇ ಹೋಯಿತು, ಅದರ ಪಾಯದಲ್ಲಿದ್ದ ಎರಡು ಕಲ್ಲಿನ ಜೊತೆಗೆ. ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ರಾಜಿಯಂತೆ ಡಿಕ್ರಿ ಆಯಿತು.

ಅದಕ್ಕೆ ಮೊದಲೇ ಸುವರ್ಣಮ್ಮನ ಲೈಸೆನ್ಸು ರದ್ದಾಗಿತ್ತು. ಮೇಜು ಖಾಲಿ ಮಾಡಲು ಹೋದ ದಿನ ಶಿವಶಂಕರ ಪಾಪ ಒಳ್ಳೆಯ ಮಾತನ್ನೇ ಆಡಿದ.

"ನೀವ್ ಬರ್ಕೊಡಿ ಸುವರ್ಣಕ್ಕ, ನಾನ್ ರುಜು ಆಕ್ತೀನಿ. ಬಂದಿದ್ರಲ್ಲಿ ಅರ್ಧ ಅರ್ಧ."

"ನನ್ನ ಅಕ್ಷರದ ಕೆಳಗೆ ನಿನ್ನ ರುಜುವಾ?" ಎಂದಳು ಸುವರ್ಣಮ್ಮ. "ನಿನ್ನ ಹೆಸರಿನ ಒತ್ತನ್ನೇ ನೀನು ನೆಟ್ಟಗೆ ಹಾಕಲ್ಲ."

ಕೊಳ್ಳೇಗಾಲದಲ್ಲಿ ಅವಳಿಗೆ ಕೆಲಸ ಕೊಡುವವರು ಇರಲಿಲ್ಲ. ಫಾರಿನ್ ದುಡ್ಡು ತಿಂದು ಊರೋರ ಮೇಲೆ ಸಾಕ್ಷಿ ಹೇಳಿದಳು ಎಂದರು. ಅವಳು ಬೆಳಿಗ್ಗೆಯ ಬಸ್ಸು ಹತ್ತಿ ಹನೂರಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೂತು, ಪಿಂಚಣಿ ಅರ್ಜಿ, ರೇಷನ್ ಕಾರ್ಡಿನ ಅರ್ಜಿ ಬರೆದುಕೊಡತೊಡಗಿದಳು. ಅದಕ್ಕೆ ಲೈಸೆನ್ಸು ಬೇಕಿರಲಿಲ್ಲ. ಕಾಡಂಚಿನ ಊರುಗಳಿಂದ ಬಂದವರು ಅವಳ ಬೈಗುಳ ಕೇಳಿಕೊಂಡೇ ಬರೆಸಿಕೊಂಡು ಹೋಗುತ್ತಿದ್ದರು.

ಮಾರ್ಚಿನ ಒಂದು ಬೆಳಿಗ್ಗೆ ಗುರುಮಲ್ಲಪ್ಪನ ಹಿತ್ತಲಿನಿಂದ ಆ ಸಣ್ಣ ಕಲ್ಲು ಬಂತು. ಮೇಲ್ಮುಖ ಸಾಬೂನು ತಿಂದು ನುಣುಪಾಗಿತ್ತು. ಮಣ್ಣಿಗೆ ಮುಖ ಮಾಡಿದ್ದ ಕಡೆ ಅಕ್ಷರಗಳು ಹೊಸದರ ಹಾಗೆ ಉಳಿದಿದ್ದವು. ಮೊಜೆಲ್ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಬರಲಾಗಿರಲಿಲ್ಲ. ಕಲ್ಲು ನೆಡಲು ಗಾರೆ ಕೆಲಸದ ಬಿಳಿಗಿರಿಯನ್ನು ಕರೆದುಕೊಂಡು ಸುವರ್ಣಮ್ಮ ಒಬ್ಬಳೇ ಹೋದಳು. ಫ್ಲೋರಾಳ ಗುಂಡಿ ಯಾವುದೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ರೆಬೆಕ್ಕಳ ಪಕ್ಕ ಇರಲಿ ಎಂದು ಅವಳೇ ತೀರ್ಮಾನಿಸಿದಳು. ಬಿಳಿಗಿರಿ ಗುಂಡಿ ತೆಗೆದು, ಬೆವರು ಒರೆಸಿಕೊಂಡು ಕೇಳಿದ.

"ಅಕ್ಸರ ಯಾವ್ ಕಡೀಕ್ ಮಾಡ್ಲಿ ಅಮ್ಮೋರೆ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಬ್ಬ ಗಾರೆಯವನ ಮುಂದೆ ಒಪ್ಪಿಕೊಳ್ಳುವುದು ಕಷ್ಟವೇ ಆಯಿತು. "ಇರು" ಎಂದು ಓಣಿಯ ತುದಿಯ ಎಸ್‌ಟಿಡಿ ಬೂತಿಗೆ ನಡೆದು ಬೆಂಗಳೂರಿಗೆ ಫೋನು ಮಾಡಿದಳು. ಮೊಜೆಲ್‌ಳ ದನಿ ಸೋತಿತ್ತು. ಕಟ್ಟುನಿಟ್ಟಿನ ನಿಯಮವೇನೂ ತನಗೆ ಗೊತ್ತಿಲ್ಲ, ಜೆರುಸಲೇಮಿನ ಕಡೆಗಿದ್ದರೆ ಅಜ್ಜನಿಗೆ ಸಮಾಧಾನವಾಗುತ್ತಿತ್ತು ಎಂದಳು. ಅಂದರೆ ಪಶ್ಚಿಮಕ್ಕೆ. ಫೋನು ಇಡುವ ಮೊದಲು, "ಮಗು ಹೊರಗೆ ಬಂತಲ್ಲ, ಸಾಕು" ಎಂದಳು.

ಸುವರ್ಣಮ್ಮ ಹಿಂದಿರುಗಿ ಬಂದು ದಿಕ್ಕು ತೋರಿದಳು. ಪಶ್ಚಿಮಕ್ಕೆ ಮೂರಡಿ ದೂರದಲ್ಲಿ ಗುರುಮಲ್ಲಪ್ಪನ ಹೊಸ ಗೋಡೆ ಇತ್ತು. ಇನ್ನೂ ಸಿಮೆಂಟಿನ ವಾಸನೆ ಹೊಡೆಯುತ್ತಿತ್ತು.

"ಗ್ವಾಡೆಗ್ ಮಖ ಮಾಡಿ ನಿಲ್ಸುದ್ರೆ, ಓದೋರ್ ಎಲ್ ನಿಂತ್ಕಂಡಾರು?" ಎಂದ ಬಿಳಿಗಿರಿ.

"ಈ ಊರಲ್ಲಿ ಓದೋರು ಯಾರಿದಾರೆ? ನಿಲ್ಸು."

ಬಿಳಿಗಿರಿ ಕಲ್ಲು ಎತ್ತಿದ. ಒಬ್ಬನಿಂದ ಆಗದೆ ವಾಲಿತು. ಸುವರ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಇನ್ನೊಂದು ಕಡೆ ಹೆಗಲು ಕೊಟ್ಟಳು.